ದೊಡ್ಡವ್ವನ ಫೋನಿನಲ್ಲಿ ಸಿಂಗಾಪುರ

ಸಿಂಗಾಪುರದ ಏರ್‌ಪೋರ್ಟಿನಲ್ಲಿ ಇಳಿದು ಇಪ್ಪತ್ತು ನಿಮಿಷವಾಗಿತ್ತು. ನನ್ನ ಫೋನು ಮಾತ್ರ ಹಠ ಹಿಡಿದ ಮಗುವಿನ ಹಾಗೆ ಒಂದೇ ಮಾತು ಹೇಳುತ್ತಿತ್ತು. ಈ ಕೋಡ್ ಈಗಾಗಲೇ ಬಳಕೆಯಾಗಿದೆ.

ಬಳಸಿದವರು ಯಾರು? ನಾನಲ್ಲ. ಪಕ್ಕದಲ್ಲಿ ಎರಡು ಬ್ಯಾಗ್ ಹಿಡಿದು ನಿಂತಿದ್ದ ನಮ್ಮ ಯಜಮಾನರಂತೂ ಅಲ್ಲವೇ ಅಲ್ಲ. (ರಾಣೆಬೆನ್ನೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಅವರಿಗೆ ಕ್ಯೂಆರ್ ಕೋಡ್ ಅಂದರೆ ಗಲ್ಲಾಪೆಟ್ಟಿಗೆಗೆ ಅಂಟಿಸುವ ಸ್ಟಿಕ್ಕರ್, ಅಷ್ಟೇ.)

"ನಾ ಏನೂ ಮಾತಾಡೂದಿಲ್ಲಪಾ," ಅಂದರು ಅವರು, ಮೀಸೆಯಡಿ ನಗುತ್ತ.

ಇಪ್ಪತ್ತೆಂಟು ವರ್ಷದ ಸಂಸಾರದ ಅನುಭವದಿಂದ ಹೇಳುತ್ತೇನೆ. ಗಂಡ ಏನೂ ಮಾತಾಡುವುದಿಲ್ಲ ಅಂದರೆ ಎಲ್ಲವನ್ನೂ ಮಾತಾಡಿ ಮುಗಿಸಿದ್ದಾನೆ ಅಂತಲೇ ಅರ್ಥ.

ಅವರ ಆ ಖುಷಿಗೆ ಕಾರಣವಿತ್ತು. ನಮ್ಮಿಬ್ಬರ ನಡುವೆ ಒಂದು ಶರತ್ತಾಗಿತ್ತು. ಅವರಿಗೆ ಟೂರ್ ಕಂಪನಿಯ ಜೊತೆ ಹೋಗುವ ಆಸೆ. ಬಾವುಟ ಹಿಡಿದವನ ಹಿಂದೆ ನಡೆದರಾಯಿತು, ಅಡುಗೆಯವರನ್ನೂ ಕರೆದುಕೊಂಡೇ ಬರುತ್ತಾರೆ, ಪರದೇಶದಲ್ಲೂ ಬಿಸಿ ಚಪಾತಿ ಸಿಗುತ್ತದೆ ಅನ್ನುವುದು ಅವರ ವಾದ. ಚಪಾತಿ ತಿನ್ನಲು ಸಿಂಗಾಪುರಕ್ಕೆ ಯಾಕೆ ಹೋಗಬೇಕು ಅನ್ನುವುದು ನನ್ನದು. ಟಿಕೆಟ್, ಹೋಟೆಲ್, ಓಡಾಟ ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂದೆ.

"ಆತು. ಎಲ್ಲಾ ಸುಸೂತ್ರ ಆತಂದ್ರ ಮುಂದಿನ ಟೂರ್ ಎಲ್ಲಾ ನಿನ್ನ ಕೈಯಾಗ. ಒಂದ್ ಕಡಿ ಎಡವಟ್ ಆತಂದ್ರ ಸಾಯೂತನಾ ಟೂರ್ ಕಂಪನಿ ಹಿಂದ ನಡೀಬೇಕು," ಅಂದರು.

ನಾನು ಒಪ್ಪಿದ್ದೆ. ಎಡವಟ್ಟಾಗಲು ನಾನೇನು ಪಂಪ್‌ಸೆಟ್ ಅಂಗಡಿಯವಳೇ?

ಈಗ ಇ-ಸಿಮ್ ವಿಷಯಕ್ಕೆ ಬರುತ್ತೇನೆ. ನಾನು ಕಲಿಸುವ ಶಾಲೆಯ ಕಂಪ್ಯೂಟರ್ ಮೇಡಂ ಹೇಳಿಕೊಟ್ಟದ್ದು. ಈಗ ಪರದೇಶಕ್ಕೆ ಹೋಗುವವರು ಅಲ್ಲಿಳಿದು ಸಿಮ್ ಹುಡುಕಬೇಕಿಲ್ಲ. ಇಲ್ಲಿಂದಲೇ ಆನ್‌ಲೈನಿನಲ್ಲಿ ಕೊಂಡರೆ ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಅದನ್ನು ಸ್ಕ್ಯಾನ್ ಮಾಡಿದರೆ ಫೋನಿನೊಳಗೇ ಸಿಮ್ ಕೂರುತ್ತದೆ. ನಮ್ಮ ಊರಿನ ಸಿಮ್ ತೆಗೆಯುವ ಗೋಜಿಲ್ಲ.

"ಮೇಡಂ, ಮನೆಯಲ್ಲೇ ವೈಫೈ ಇದ್ದಾಗ ಹಾಕ್ಕೊಂಡು ಬಿಡ್ರಿ. ಅಲ್ಲಿಗೆ ಹೋಗಿ ಆನ್ ಮಾಡಿದ್ರ ಸಾಕು," ಅಂತಲೂ ಆಕೆ ಹೇಳಿದ್ದರು.

ನಾನು ಕೇಳಿದೆನೇ? ಹೊಸ ಸೀರೆಯ ಮಡಿಕೆಯನ್ನು ಮದುವೆ ಮನೆಯಲ್ಲೇ ಬಿಚ್ಚುವ ಜಾತಿಯವಳು ನಾನು. ಅಲ್ಲಿಳಿದ ಮೇಲೇ ಹಾಕಿಕೊಂಡರಾಯಿತು ಅಂತ, ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಆ ಕೋಡನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಪಾಸ್‌ಪೋರ್ಟಿನ ಜೊತೆ ಪ್ಲಾಸ್ಟಿಕ್ ಫೈಲಿನಲ್ಲಿಟ್ಟೆ. ಯಜಮಾನರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಸಿಮ್ ಎಲ್ಲೈತಿ ಇದ್ರಾಗ?"

"ಇದೇ ಸಿಮ್ ರೀ."

"ಕಾಗದಾ ಕೊಟ್ಟು ಟೋಪಿ ಹಾಕ್ಯಾರ ನಿನಗ," ಅಂದು ಅಂಗಡಿಗೆ ಹೋದರು.

ಹೊರಡುವ ಮುಂಚಿನ ಭಾನುವಾರ ಆ ಫೈಲು ಬ್ಯಾಡಗಿಗೆ ಹೋಯಿತು. ಹೋಗಲೇಬೇಕು. ನನ್ನ ತವರಿನ ಕಡೆಯ ಪದ್ಧತಿ ಅದು. ಲಗ್ನಪತ್ರಿಕೆ ಇರಲಿ, ಪರೀಕ್ಷೆಯ ಹಾಲ್ ಟಿಕೆಟ್ ಇರಲಿ, ಹೊಸ ಬೈಕಿನ ಕೀಲಿ ಇರಲಿ, ಮೊದಲು ದೊಡ್ಡವ್ವನ ದೇವರ ಜಗಲಿಯ ಮೇಲೆ ಕೂರಬೇಕು. ಆಕೆ ಕುಂಕುಮ ಹಚ್ಚಿ ಕೊಟ್ಟ ಮೇಲೇ ನಾವು ಮುಟ್ಟುವುದು.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಎಪ್ಪತ್ತೆರಡು ವರ್ಷ. ಮೆಣಸಿನಕಾಯಿ ವ್ಯಾಪಾರದ ಮನೆ, ತುಂಬಿದ ಸಂಸಾರ. ದೇವರ ಕೋಣೆಯ ಪಕ್ಕದಲ್ಲೇ ಮೆಣಸಿನಕಾಯಿಯ ಚೀಲಗಳು, ಹಾಗಾಗಿ ಆ ಮನೆಯಲ್ಲಿ ಸೀನದೆ ಕೈಮುಗಿದ ಅಳಿಯ ಇನ್ನೂ ಹುಟ್ಟಿಲ್ಲ. ಎರಡು ವರ್ಷದ ಹಿಂದೆ ಹಾವೇರಿಯಲ್ಲಿರುವ ಮಗಳು ಶೈಲಾ ತಾನು ಹೊಸ ಫೋನ್ ಕೊಂಡಾಗ ಹಳೆಯದನ್ನು ಕನ್ನಡಕ್ಕೆ ಬದಲಿಸಿ ಅವ್ವನಿಗೆ ಕೊಟ್ಟಳು. ಹಳೆಯದೆಂದರೂ ನನ್ನ ಫೋನಿಗಿಂತ ಜೋರಿದೆ. ಕ್ಯಾಮೆರಾ ತೆರೆದು ಕೋಡಿಗೆ ಹಿಡಿದರೆ ದುಡ್ಡು ಕಳಿಸಬಹುದು ಅಂತಲೂ ಹೇಳಿಕೊಟ್ಟಳು. ಅಂದಿನಿಂದ ಹೂವಿನವಳಿಂದ ಹಿಡಿದು ಹಾಲಿನವನವರೆಗೆ ದೊಡ್ಡವ್ವ ಯಾರನ್ನೂ ಬಿಟ್ಟಿಲ್ಲ.

ಅವತ್ತು ನಾವು ಅಡುಗೆಮನೆಯಲ್ಲಿ ಗಿರ್ಮಿಟ್ ತಿನ್ನುತ್ತ ಕೂತಿದ್ದೆವು. ಆಕೆ ಫೈಲು ಹಿಡಿದು ದೇವರ ಕೋಣೆಗೆ ಹೋದವಳು ಹದಿನೈದು ನಿಮಿಷ ಹೊರಗೆ ಬರಲಿಲ್ಲ. ಎಂಥ ಭಕ್ತಿ ಅಂದುಕೊಂಡೆ.

ಏರ್‌ಪೋರ್ಟಿನ ಫ್ರೀ ವೈಫೈಯಲ್ಲಿ ಆ ಕಂಪನಿಯವರಿಗೆ ಮೆಸೇಜ್ ಮಾಡಿದೆ. ತಕ್ಷಣ ಉತ್ತರ ಬಂತು. ನಿಮ್ಮ ಇ-ಸಿಮ್ ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಒಂದು ಫೋನಿನಲ್ಲಿ ಕೂತಿದೆ. ಒಂದು ಕೋಡ್ ಒಂದು ಫೋನಿಗೆ ಮಾತ್ರ.

ಭಾನುವಾರ. ಹತ್ತೂವರೆ. ಗಿರ್ಮಿಟ್.

ವಾಟ್ಸ್ಯಾಪಿನಲ್ಲಿ ಬ್ಯಾಡಗಿಗೆ ಕರೆ ಮಾಡಿದೆ.

"ದೊಡ್ಡವ್ವಾ, ಆ ಕಾಗದಾ ನೀ ಸ್ಕ್ಯಾನ್ ಮಾಡೀಯೇನು?"

"ಹೂಂ, ಮಾಡೇನಿ. ದೂರ ಊರಿಗೆ ಹೊಂಟೀರಿ, ಕೈಯಾಗ ನೂರಾ ಒಂದರ ಇಡಬಾರದೇನು? ನಿನ್ನ ಫೈಲಿನ್ಯಾಗ ಕೋಡ್ ಇತ್ತು, ಅದಕ್ಕ ಹಾಕೂಣು ಅಂತ ಹಿಡದೆ. ದುಡ್ಡು ಹೋಗಲೇ ಇಲ್ಲ, ಏನೇನೋ ಕೇಳಿತು. ಯಾಕ, ಏನಾತು?"

ಊರಿಗೆ ಹೊರಟವರ ಕೈಯಲ್ಲಿ ಹಿರಿಯರು ನಾಲ್ಕು ಕಾಸು ಇಡುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆ. ದೊಡ್ಡವ್ವ ಅದನ್ನು ಕಾಲಕ್ಕೆ ತಕ್ಕಂತೆ ಮಾಡಿದ್ದಾಳೆ. ಆ ಕಂಪನಿಯ ವೆಬ್‌ಸೈಟಿನಲ್ಲಿ ಫೋನು ಕಳೆದರೆ ಏನು, ನೀರಿಗೆ ಬಿದ್ದರೆ ಏನು ಅಂತೆಲ್ಲ ಉತ್ತರ ಬರೆದಿದ್ದರು. ದೊಡ್ಡವ್ವ ಆಶೀರ್ವಾದ ಮಾಡಿದರೆ ಏನು ಅನ್ನುವುದಕ್ಕೆ ಉತ್ತರವಿರಲಿಲ್ಲ.

"ಏನಿಲ್ಲ ದೊಡ್ಡವ್ವಾ, ಮುಟ್ಟೇವಿ ಅಂತ ಹೇಳಾಕ ಮಾಡಿದ್ದೆ," ಅಂದು ಇಟ್ಟೆ.

ಇನ್ನೊಂದು ಇ-ಸಿಮ್ ಅಲ್ಲೇ ಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ಯಜಮಾನರು ಎದುರಿನ ಕೌಂಟರಿನ ಸಾಲಿನಲ್ಲಿ ನಿಂತಾಗಿತ್ತು. ಕೈಗೆ ಸಿಗುವ, ಉಗುರಿನಷ್ಟು ದೊಡ್ಡ, ಪ್ಲಾಸ್ಟಿಕ್ ಸಿಮ್ ಕೊಂಡು ತಂದರು. ಅದನ್ನು ನನ್ನ ಕಣ್ಣೆದುರು ಹಿಡಿದು, "ಸಿಮ್ ಅಂದ್ರ ಇದು," ಅಂದರು. ಪಿನ್ನು ಚುಚ್ಚಿ ನನ್ನ ಫೋನಿನಿಂದ ಊರಿನ ಸಿಮ್ ಹೊರಗೆ ತೆಗೆದು, ಕಳೆಯಬಾರದೆಂದು ತಮ್ಮ ಲವಂಗದ ಡಬ್ಬಿಯಲ್ಲಿಟ್ಟರು.

ಐದು ದಿನ ಸಿಂಗಾಪುರ ಚೆನ್ನಾಗಿಯೇ ಇತ್ತು. ಮ್ಯಾಪ್ ನೋಡಿ ಹೋಟೆಲ್ ಹಿಡಿದೆ, ಮೆಟ್ರೋ ಬದಲಿಸಿದೆ, ಒಮ್ಮೆಯೂ ದಾರಿ ತಪ್ಪಲಿಲ್ಲ. ಒಂದೇ ತೊಂದರೆ. ಪ್ರಾಣಿ ಸಂಗ್ರಹಾಲಯದ ಟಿಕೆಟ್ಟಿಗೆ ಆನ್‌ಲೈನಿನಲ್ಲಿ ಕಾರ್ಡ್ ನಂಬರ್ ಒತ್ತಿದಾಗ ಓಟಿಪಿ ಬರಲಿಲ್ಲ. (ಎಲ್ಲಿಂದ ಬರಬೇಕು? ಅದು ಬರಬೇಕಾದ ಸಿಮ್ಮು ಲವಂಗದ ಜೊತೆ ಡಬ್ಬಿಯಲ್ಲಿತ್ತು.) ಇ-ಸಿಮ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನಾನು, ನಿನ್ನ ಇ-ಸಿಮ್ ಬ್ಯಾಡಗಿಯಲ್ಲಿ ಆರಾಮ ಐತಿ ಅಂತ ಅವರು. ಶರತ್ತು ಯಾರು ಗೆದ್ದರು ಅನ್ನುವ ಜಗಳ ವಿಮಾನದಲ್ಲೂ ಮುಗಿಯಲಿಲ್ಲ.

ಬಂದ ಮೇಲಿನ ಭಾನುವಾರ ಬ್ಯಾಡಗಿಗೆ ಹೋದೆವು. ನಮ್ಮಲ್ಲಿ ಯಾವ ವ್ಯಾಜ್ಯವಾದರೂ ಕೊನೆಗೆ ದೊಡ್ಡವ್ವನ ಮುಂದೆಯೇ ಹೋಗಿ ನಿಲ್ಲುವುದು. ಯಜಮಾನರು ಎರಡು ಸಲ ಸೀನಿ, ಅಂಗಡಿಯ ಗಿರಾಕಿಗೆ ವಿವರಿಸುವ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಆ ಕೋಡ್ ಬಳಸಿದ್ದರಿಂದ ನಮ್ಮ ಸಿಮ್ ತನ್ನ ಫೋನಿನಲ್ಲಿ ಕೂತಿತ್ತು ಅಂತಲೂ ಆಗಲೇ ಆಕೆಗೆ ತಿಳಿದದ್ದು.

"ಈಗ ನೀವ ಹೇಳ್ರಿ ದೊಡ್ಡವ್ವಾರ. ಈಕಿ ಸೋತ್ಳೋ ಇಲ್ಲೋ?"

"ತಪ್ಪು ನಂದು. ಆಕಿ ಯಾಕ ಸೋಲ್ತಾಳ?" ಅಂದಳು ದೊಡ್ಡವ್ವ.

ನಾನು ಫೋನ್ ಕೊಡು, ಆ ಸಿಮ್ಮಿನ ಅವಧಿ ಮುಗಿದಿದೆ, ತೆಗೆದುಹಾಕುತ್ತೇನೆ ಅಂದೆ. ಕೊಡಲಿಲ್ಲ. ಫೋನನ್ನು ಸೆರಗಿನ ಕೆಳಗೆ ಸರಿಸಿಕೊಂಡು, "ಇರ್ಲಿ ಬಿಡು, ಅನ್ನ ಬೇಡ್ತೈತೇನು ಅದು?" ಅಂದಳು.

"ಅಲ್ರಿ, ದುಡ್ಡು ಹೋಗೋದಿಲ್ಲ ಅಂತ ಗೊತ್ತಾದ ಮ್ಯಾಲೂ ಯಾಕ ಒತ್ತಿದ್ರಿ?" ಅಂತ ಯಜಮಾನರು ನಗುತ್ತ ಕೇಳಿದರು.

ದೊಡ್ಡವ್ವ ಸೆರಗಿನ ಕೆಳಗಿನಿಂದ ಫೋನು ತೆಗೆದು ಒಮ್ಮೆ ನೋಡಿದಳು.

"ಇದು ದುಡ್ಡಿಂದಲ್ಲ ಅಂತ ಆಗಲೇ ತಿಳೀತಪಾ. ಸಿಂಗಾಪುರ ಅಂತ ಕನ್ನಡದಾಗ ಬಂತು. ಕೆಳಗ ಬೇಕೋ ಬ್ಯಾಡೋ ಅಂತ ಕೇಳಿತು. ನೀವು ಕಾಶಿಗೆ ಹೋಗೂಮುಂದ ನಿಮ್ಮ ಟಿಕೀಟಿಗೆ ಕುಂಕುಮ ಹಚ್ಚೇನಿ. ಶೈಲಾ ಗೋವಾಕ್ಕ ಹೋಗೂಮುಂದ ಹಚ್ಚೇನಿ. ಬೇಕೇನು ಅಂತ ನನಗ ಯಾರೂ ಕೇಳಿದ್ದಿಲ್ಲ. ಇದು ಕೇಳಿತು. ಹೂಂ ಅಂದೆ."

ಅಂದವಳೇ ಎದ್ದು, ಚಹಾಕ್ಕೆ ನೀರಿಡಲು ಸೊಸೆಗೆ ಹೇಳಿದಳು. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಎಷ್ಟು ವರ್ಷದಿಂದ ಈ ಜಗಲಿಯ ಮುಂದೆ ಟಿಕೆಟ್ಟು ತಂದಿಟ್ಟಿದ್ದೇನೆ! ಹೋಗಿ ಬರುತ್ತೇವೆ ಅಂತ ಕಾಲು ಮುಟ್ಟಿದ್ದೇನೆ, ವಾಪಸ್ ಬಂದು ಫೋಟೋ ತೋರಿಸಿದ್ದೇನೆ. ಆಕೆ ಒಂದೊಂದು ಫೋಟೋವನ್ನೂ ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದದ್ದು ಕಣ್ಣು ಮಂಜಾಗಿರುವುದಕ್ಕೆ ಅಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು.

ಯಜಮಾನರು ಈ ಸಲ ನಿಜವಾಗಿಯೂ ಏನೂ ಮಾತಾಡಲಿಲ್ಲ. ಚಹಾ ಬಂತು, ಕುಡಿದರು. ಕಪ್ಪು ಕೆಳಗಿಟ್ಟ ಮೇಲೆ, "ದೊಡ್ಡವ್ವಾರ, ನಿಮಗ ಕಿಟಕಿ ಬಾಜೂ ಸೀಟ್ ಬೇಕೋ, ದಾರಿ ಬಾಜೂ ಸಾಕೋ?" ಅಂತ ಕೇಳಿದರು.

ಹೀಗೆ ಶರತ್ತು ನಾನೇ ಗೆದ್ದೆ. ಮುಂದಿನ ಟೂರ್ ನನ್ನ ಕೈಯಲ್ಲಿ, ಟಿಕೆಟ್ ಮೂರು. ಪಾಸ್‌ಪೋರ್ಟ್ ಫೋಟೋಕ್ಕೆ ಯಾವ ಸೀರೆ ಉಡಲಿ ಅಂತ ದೊಡ್ಡವ್ವ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನ್ ಮಾಡುತ್ತಿದ್ದಾಳೆ. ಆ ಅವಧಿ ಮುಗಿದ ಸಿಮ್ ಇನ್ನೂ ಆಕೆಯ ಫೋನಿನಲ್ಲೇ ಇದೆ.

ಅಂದಹಾಗೆ, ನಿಮ್ಮ ಮನೆಯಲ್ಲಿ ಟಿಕೆಟ್ಟಿಗೆ ಕುಂಕುಮ ಹಚ್ಚಿಕೊಡುವವರನ್ನು ಬೇಕೇನು ಅಂತ ನೀವು ಕೇಳಿದ್ದೀರಾ, ಅಥವಾ ಅವರ ಫೋನೇ ಕೇಳಲಿ ಅಂತ ಬಿಟ್ಟಿದ್ದೀರಾ?