ಹಿತ್ತಲ ಷೆಡ್ಡಿನ ಸಿಪ್ಪೆ ಮೇಡಂ

ಸಿಗಡಿ, ಏಡಿಗಳ ಸಿಪ್ಪೆಯಿಂದ ಕೈಟಿನ್ ಎಂಬ ಉಪಯುಕ್ತ ಜೈವಿಕ ಪಾಲಿಮರನ್ನು ತೆಗೆಯಬಲ್ಲವರು ಹಲವರಿದ್ದಾರೆ. ಆದರೆ ನೆಲ, ನೀರು ಕೆಡದಂತೆ ಅದನ್ನು ತೆಗೆಯಬೇಕೆಂದು ಹಟ ಹಿಡಿದು ವೃತ್ತಿಜೀವನವನ್ನೇ ಸವೆಸಿದವರ ಸಾಲಿನಲ್ಲಿ, ಈಗ ನಿವೃತ್ತರಾಗುತ್ತಿರುವ, ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೆಲ್ಲ ‘ಸಿಪ್ಪೆ ಮೇಡಂ’ ಎಂದೇ ಕರೆಯುವ ಹಿರಿಯ ವಿಜ್ಞಾನಿಗೆ ಮೊದಲ ಮಣೆ ಸಲ್ಲಬೇಕು.

ಅವರು ಕೆಲಸಕ್ಕೆ ಸೇರಿದಾಗ ಸಿಪ್ಪೆಯನ್ನು ಕಟು ಆಮ್ಲ, ಕ್ಷಾರಗಳಲ್ಲಿ ಬೇಯಿಸುವುದೇ ರೂಢಿ. ಆ ನೀರು ಹರಿದ ಕಾಲುವೆಯಲ್ಲಿ ಸತ್ತ ಮೀನು ತೇಲಿದ್ದನ್ನು ಕಂಡ ದಿನ ಅವರಿಗೆ ಅನ್ನ ಸೇರಲಿಲ್ಲ. ಹಾಲನ್ನು ಮೊಸರಾಗಿಸುವ ಜಾತಿಯ ಸೂಕ್ಷ್ಮಜೀವಿಗಳಿಂದಲೇ ಸಿಪ್ಪೆಯ ಸುಣ್ಣ ಬಿಡಿಸಲು ಹೊರಟರು. ಹುದುಗುವ ಸಿಪ್ಪೆಯ ನಾತಕ್ಕೆ ಎಲ್ಲರೂ ಮೂಗು ಮುರಿದರು. ಅವರ ಮೇಜು, ಜಾಡಿಗಳು ಹಿತ್ತಲಿನ ತಗಡಿನ ಷೆಡ್ಡಿಗೆ ಹೋದವು. ಕ್ಯಾಂಟೀನಿನಲ್ಲಿ ಅವರು ಕುಳಿತರೆ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು. ಯಾರಿಗೂ ಮುಜುಗರವಾಗಬಾರದೆಂದು ಅವರೇ ಊಟದ ಡಬ್ಬಿ ಹಿಡಿದು ಷೆಡ್ಡಿಗೆ ನಡೆದರು.

ನಿರ್ದೇಶಕರು ಒಮ್ಮೆ ಕರೆದು, “ಮೇಡಂ, ಈ ಗಬ್ಬು ಕೆಲಸ ಬಿಟ್ಬಿಡಿ. ಹೊಸ ಕಟ್ಟಡದಲ್ಲಿ ಒಳ್ಳೆ ತಂಡ ಕೊಡ್ತೀನಿ” ಎಂದರು.

“ತಂಡ ಬೇಕು ಸಾರ್, ಮಾತಾಡೋಕೆ ಜನ ಬೇಕು. ಆದ್ರೆ ಕಾಲುವೆ ಹಾಗೇ ಇರತ್ತಲ್ಲ?” ಎಂದು ಹೇಳಿ ಅವರು ಷೆಡ್ಡಿಗೇ ಮರಳಿದರು.

ಸಿಗಡಿ ಸುಲಿಯುವ ಹೆಂಗಸೊಬ್ಬರ ಬೆರಳು ಕೀವುಗಟ್ಟಿದಾಗ, ಗಾಯ ಮಾಯುವವರೆಗೂ ದಿನವೂ ಷೆಡ್ಡಿಗೆ ಕರೆಸಿ ತಾವೇ ಪಟ್ಟಿ ಕಟ್ಟಿದರು. ಅಷ್ಟು ದಿನ ಷೆಡ್ಡಿನಲ್ಲಿ ಮಾತಿನ ಸದ್ದಿತ್ತು.

ವರ್ಷಗಟ್ಟಲೆ ಹುದುಗು ಕೈಕೊಟ್ಟಿತು. ಕೊನೆಗೊಂದು ರಜೆಯ ಮಧ್ಯಾಹ್ನ, ತೊಟ್ಟು ಕಟು ಆಮ್ಲವಿಲ್ಲದೆ, ಜಾಡಿಯ ತಳದಲ್ಲಿ ಬೆಳ್ಳನೆಯ ಚಕ್ಕೆಗಳು ಉಳಿದವು. ಹೇಳಿಕೊಳ್ಳಲು ಸುತ್ತ ನರಪಿಳ್ಳೆಯಿಲ್ಲ. ಮನೆಯಲ್ಲಿದ್ದ ಅಕ್ಕನಿಗೆ ಫೋನು ಮಾಡಿದರು.

“ಅಕ್ಕಾ, ಬಂತು!”

“ಯಾರೇ ಬಂದ್ರು?”

“ಯಾರೂ ಬಂದಿಲ್ಲ. ಕೈಟಿನ್ ಬಂತು!”

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. “ಆಯ್ತು, ಏನಾದ್ರೂ ತಿಂದ್ಯಾ?” ಎಂದರು. ಅಷ್ಟು ಕೇಳಿದ್ದಕ್ಕೇ ಸಿಪ್ಪೆ ಮೇಡಂ ಗೋಡೆಗೊರಗಿ ಅತ್ತುಬಿಟ್ಟರು.

ಇಂದು ಆ ವಿಧಾನದಲ್ಲೇ ತೆಗೆದ ಕೈಟಿನ್ ಗಾಯದ ಪಟ್ಟಿಯಾಗುತ್ತಿದೆ. ಕಾಲುವೆಗೆ ಮೀನು ಮರಳಿವೆ. ಅಕ್ಕ ಹೋದ ವರ್ಷ ತೀರಿಕೊಂಡರು.

ಬೀಳ್ಕೊಡುಗೆಯಲ್ಲಿ ನಿರ್ದೇಶಕರು, “ಷೆಡ್ಡು ನಿಮ್ಮದೇ, ಯಾವಾಗ ಬೇಕಾದ್ರೂ ಬನ್ನಿ” ಎಂದಾಗ ಅವರು ಮೆಲ್ಲಗೆ ಕೇಳಿದರು: “ಒಬ್ಬಳೇ ಬರಬೇಕಾ?” ಸಭೆ ನಕ್ಕಿತು. ಅವರು ನಗಲಿಲ್ಲ.

ಅವರ ಆಯುಸ್ಸು ಬೆಳೆಯಲಿ, ಹಿಡಿದ ಕೆಲಸ ಸಾಗಲಿ, ಬರುವ ಸೋಮವಾರ ಅವರು ಆ ಬಾಗಿಲು ತಳ್ಳುವ ಹೊತ್ತಿಗೆ ಒಳಗೆ ಯಾರಾದರೂ ಇದ್ದು, “ಬನ್ನಿ ಮೇಡಂ, ತಿಂಡಿ ಆಯ್ತಾ?” ಎನ್ನಲಿ.