ಬೆಟಗೇರಿಯ ಸೊಸಿಗೊಂದು ಸನ್ಮಾನ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದ ಮೂವರು ಈಗಲೂ ಫೋನ್ ಮಾಡಿದಾಗೊಮ್ಮೆ "ನಾವೆಲ್ಲಾರೂ ಕೂಡೇ ಮಾಡಿದ್ದಲ್ಲರೀ" ಎಂದು ನನ್ನ ಪಾಲಿಗೂ ಕೈ ಹಚ್ಚಲು ಬರುತ್ತಾರೆ. ಒಳ್ಳೆಯ ಮಂದಿ. ಆದರೆ ಆಕೆಯ ಮನೆ ಪತ್ತೆ ಹಚ್ಚಿದವನು ನಾನು. ಅಲ್ಲಿ ಯಾವ ಸಾಲು ಓದಬೇಕೆಂದು ಆರಿಸಿದವನೂ ನಾನೇ.

ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಶ್ರದ್ಧಾಂಜಲಿ ಬ್ಯಾನರು, ಸನ್ಮಾನ ಪತ್ರ, ಇವೇ ನನ್ನ ದಿನದ ಕೆಲಸ. ಗಿರಾಕಿ ಇಲ್ಲದಾಗ ಬ್ಲಾಗ್ ಬರೆಯುತ್ತೇನೆ. ನಗಬೇಡಿ. ಎಲ್ಲರೂ ಬೆರಳಿನಿಂದ ರೀಲ್ಸ್ ಸರಿಸುವ ಈ ಕಾಲದಲ್ಲಿ ಬ್ಲಾಗ್ ಯಾರು ಓದುತ್ತಾರೆ ಎಂದು ನನ್ನ ಹೆಂಡತಿಯೂ ಕೇಳುತ್ತಾಳೆ. ನಾವು ನಾಲ್ವರು ಓದುತ್ತಿದ್ದೆವು, ಒಬ್ಬರದ್ದನ್ನೊಬ್ಬರು. ಲಕ್ಷ್ಮೇಶ್ವರದಲ್ಲಿ ಒಬ್ಬ ನಿವೃತ್ತ ಮಾಸ್ತರು ಇದ್ದಾರೆ, ಪಾಳುಬಿದ್ದ ಗುಡಿಗಳ ಬಗ್ಗೆ ಬರೆಯುತ್ತಾರೆ. ಶಿರಹಟ್ಟಿಯ ಬೀಜ-ಗೊಬ್ಬರದ ಸಾಹುಕಾರರು ಅಂಗಡಿ ಬಾಗಿಲು ಹಾಕಿಕೊಂಡಾದರೂ ಮಾಗಡಿ ಕೆರೆಗೆ ಹೋಗಿ ಹಕ್ಕಿ ಫೋಟೋ ತೆಗೆದು ಹಾಕುತ್ತಾರೆ. ಡೋಣಿಯಲ್ಲಿ ಹುಟ್ಟಿ ಮುಂಡರಗಿಯಲ್ಲಿ ನರ್ಸ್ ಆಗಿರುವ ಅಕ್ಕ ಕಪ್ಪತಗುಡ್ಡದ ಸೊಪ್ಪು-ಬೇರುಗಳ ಬಗ್ಗೆ ಬರೆಯುತ್ತಾಳೆ. ನಾನು ಏನು ಬರೆಯುತ್ತಿದ್ದೆ? ಬೆಟಗೇರಿಯ ಮಗ್ಗಗಳ ಬಗ್ಗೆ. ನಮ್ಮಪ್ಪ ನೇಕಾರ. ಅವನು ಹೋದ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ ನಾನು ಗದಗಿನ ಕಡೆ ಮನೆ ಮಾಡಿದೆ. ಬಿಟ್ಟು ಬಂದವರಿಗೇ ಬರೆಯುವ ಚಟ ಜಾಸ್ತಿ.

ಎರಡು ವರ್ಷದ ಹಿಂದೆ ಐದನೆಯವಳೊಬ್ಬಳು ಬಂದಳು. ಹೆಸರಿಲ್ಲ, ಫೋಟೋ ಇಲ್ಲ. ಬರಹದ ಕೆಳಗೆ "ಒಬ್ಬ ಸೊಸಿ" ಎಂದಷ್ಟೇ. ನೇಕಾರರ ಮನೆಯ ಸೊಸೆ, ಗಂಡ ಭಾನುವಾರವೂ ಬಿಡದೆ ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ, ಮನೆಯಲ್ಲಿ ಮಾವ ಮತ್ತು ಮಗ್ಗ, ಇಷ್ಟು ತಿಳಿಯುತ್ತಿತ್ತು. ನಾವು ನಾಲ್ವರೂ ಶಾಲೆಯ ಪುಸ್ತಕದ ಭಾಷೆಯಲ್ಲಿ ಬರೆಯುತ್ತಿದ್ದರೆ ಆಕೆ ಮನೆಯಲ್ಲಿ ಮಾತಾಡಿದ ಹಾಗೆ ಬರೆಯುತ್ತಿದ್ದಳು. ಅವಳ ಮೊದಲ ಬರಹವನ್ನು ನಾನು ಅಂಗಡಿಯಲ್ಲಿ ಗಿರಾಕಿಯ ಕೆಲಸ ಬದಿಗಿಟ್ಟು ಎರಡು ಸಲ ಓದಿದೆ. ಮುದುಕ ಮಾವನ ಕೈ ನಡುಗುತ್ತದೆ, ಕಣ್ಣು ಮಂಜು, ಆದರೂ ಮುಂಜಾನೆ ಎದ್ದು, ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿಯುತ್ತಾನೆ. ಅವನು ಊಟ ಮಾಡಿ ಮಠದ ಕಟ್ಟೆಗೆ ಹರಟೆಗೆ ಹೋದ ಮೇಲೆ ಈಕೆ ಇಳಿದು ಅವನು ನೇಯ್ದ ಅರಿವೆಯನ್ನು ಎಳೆಎಳೆಯಾಗಿ ಬಿಚ್ಚುತ್ತಾಳೆ. ಬಿಚ್ಚಿ ಅಷ್ಟನ್ನೇ ತಾನು ಮತ್ತೆ ನೇಯುತ್ತಾಳೆ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆ ಇಲ್ಲ. ಮುದುಕನಿಗೆ ಇದು ಗೊತ್ತಿಲ್ಲ.

ನಮಗೆ ಆಕೆಯ ಮೇಲೆ ಪ್ರೀತಿ ಹುಟ್ಟಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಪ್ರತಿ ಬರಹದ ಕೆಳಗೂ "ನಿಲ್ಲಿಸಬೇಡಿ, ಬರೆಯುತ್ತಿರಿ" ಎಂದು ಬರೆಯುತ್ತಿದ್ದವನು ನಾನು. ಒಮ್ಮೆ ಮಾಸ್ತರು ಆಕೆಯ ಊರು, ಮನೆ ಕೇಳಿದರು. "ಬ್ಯಾಡ್ರಿ. ಇಲ್ಲೇ ಭೆಟ್ಟಿ ಆಗೂಣು, ಇಷ್ಟ ಸಾಕು" ಎಂದು ಉತ್ತರ ಬಂತು.

ಇಷ್ಟರಲ್ಲಿ ಸಾಹುಕಾರರು ಒಂದು ಸುದ್ದಿ ತಂದರು. ಅವರು ದಕ್ಷಿಣ ಆಫ್ರಿಕಾದ ಹಕ್ಕಿ ನೋಡುವವರ ಬ್ಲಾಗುಗಳನ್ನು ತಪ್ಪದೆ ಓದುತ್ತಾರೆ. ಅಲ್ಲಿಯ ಬ್ಲಾಗಿಗರಲ್ಲಿ ಒಂದು ರೂಢಿ ಇದೆಯಂತೆ. ಒಬ್ಬರಿಗೆ ಇನ್ನೊಬ್ಬರ ಬರಹ ಮನಸ್ಸಿಗೆ ಬಂದರೆ ತಮ್ಮ ಪುಟದಲ್ಲಿ ಅವರ ಹೆಸರು ಹಾಕಿ, ಪದಕದ ಹಾಗಿರುವ ಒಂದು ಸಣ್ಣ ಚಿತ್ರ ಕೊಡುತ್ತಾರೆ. ಪಡೆದವರು ಮತ್ತೆ ನಾಲ್ಕಾರು ಮಂದಿಯನ್ನು ಹೆಸರಿಸುತ್ತಾರೆ. ಹೀಗೆ ಕೇಪ್‌ಟೌನಿನವರು ಡರ್ಬನ್ನಿನವರನ್ನು, ಅವರು ಇನ್ಯಾವುದೋ ಸಣ್ಣ ಊರಿನವರನ್ನು ಹೊಗಳುತ್ತ, ಹಬ್ಬದ ಹಾಗೆ ಮಾಡುತ್ತಾರಂತೆ. "ಒಬ್ಬರ ಮಾರಿ ಒಬ್ಬರು ನೋಡಿರೂದಿಲ್ರಿ, ಆದ್ರೂ ಎಷ್ಟ್ ಖುಷಿ ಪಡ್ತಾರ ನೋಡ್ರಿ" ಎಂದರು. ನಾವೂ ಮಾಡೋಣ, ಮೊದಲ ಗೌರವ ಸೊಸಿಗೇ ಎಂದು ನಾಲ್ವರೂ ಒಪ್ಪಿದೆವು.

ಅಷ್ಟಕ್ಕೇ ನಿಲ್ಲಿಸಿದ್ದರೆ! ಒಂದು ಚಿತ್ರ ಹಾಕಿ, "ಒಬ್ಬ ಸೊಸಿಗೆ" ಎಂದು ಬರೆದು ಸುಮ್ಮನಾಗಿದ್ದರೆ ಇವತ್ತಿಗೂ ಆಕೆ ಬರೆಯುತ್ತಿದ್ದಳು. ಆದರೆ ಪರದೆಯ ಮೇಲಿನ ಚಿತ್ರ ನಮ್ಮ ಕಡೆಯವರ ಗಂಟಲಲ್ಲಿ ಇಳಿಯುತ್ತದೆಯೇ? ಶಾಲು ಹೊದಿಸಬೇಕು, ಹಾರ ಹಾಕಬೇಕು, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋ ತೆಗೆಸಬೇಕು. ಇಲ್ಲದಿದ್ದರೆ ಅದೇನು ಸನ್ಮಾನ? "ಅಲ್ರೀ, ಆಕಿ ಬ್ಯಾಡ ಅಂದಾಳಲ್ಲ" ಎಂದು ಡೋಣಿಯ ಅಕ್ಕ ಒಮ್ಮೆ ಅಂದಳು. ನಾವು ಗಂಡಸರು ನಕ್ಕೆವು. ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೆ ಕೈ ಸರಿಸಿ ಹೋಳಿಗೆ ಬಡಿಸುವ ಊರು ನಮ್ಮದು. ಹೆಣ್ಣುಮಗಳು, ಸಂಕೋಚ ಎಂದುಕೊಂಡೆವು.

ಮನೆ ಹುಡುಕುವುದು ನನಗೆ ಕಷ್ಟವಾಗಲಿಲ್ಲ. ಒಂದು ಬರಹದಲ್ಲಿ ಆಕೆ ಮಾವ ನೇಯುವ ಸೀರೆಯ ಅಂಚಿನ ಬಗ್ಗೆ ಹೇಳಿದ್ದಳು. ಕೆಂಪು ಅಂಚಿನ ನಡುವೆ ಒಂದೇ ಒಂದು ಹಳದಿ ಎಳೆ ಬಿಡುತ್ತಾನಂತೆ, ಅದೇ ತನ್ನ ಸಹಿ ಎನ್ನುತ್ತಾನಂತೆ. ಬೇರೆ ಯಾರು ಓದಿದರೂ ಚೆಂದ ಎಂದು ಮುಂದೆ ಹೋಗುತ್ತಿದ್ದರು. ನಾನು ನೇಕಾರನ ಮಗ. ನನ್ನ ಅವ್ವನ ಪೆಟ್ಟಿಗೆಯಲ್ಲಿ ಅಂಥ ಎರಡು ಸೀರೆ ಇದ್ದವು. ಯಾವ ಓಣಿ, ಯಾವ ಮನೆ, ಯಾವ ಕಾಕಾ ಎಂದು ಕುಳಿತಲ್ಲೇ ಗೊತ್ತಾಯಿತು. ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ನಾನೋ, ಮಾಸ್ತರಂಥ ಓದಿಕೊಂಡವರಿಗೆ ಆಗದ್ದು ನನಗಾಯಿತು ಎಂದು ಕುಣಿದಾಡಿ ಮೂವರಿಗೂ ಫೋನ್ ಹಚ್ಚಿದೆ.

ಸನ್ಮಾನ ಪತ್ರವನ್ನು ನಾನೇ ಕೂಡಿಸಿದೆ, ನನ್ನ ಅಂಗಡಿಯಲ್ಲೇ ದಪ್ಪ ಕಾಗದದ ಮೇಲೆ ಛಾಪಿಸಿದೆ. ಸುತ್ತ ಹೂಬಳ್ಳಿ, ನಡುವೆ ಆಕೆಯ ಬರಹದಿಂದಲೇ ಕೆಲವು ಸಾಲು. ಎಲ್ಲಕ್ಕಿಂತ ಒಳ್ಳೆಯ ಸಾಲು ಯಾವುವು ಎಂದು ಆರಿಸಲು ಹೊತ್ತೇ ಬೇಕಾಗಲಿಲ್ಲ. ಮುದುಕ ಮನೆಯಲ್ಲಿರಲಿ, ನೋಡಿ ಸಂತೋಷಪಡಲಿ ಎಂದು ಭಾನುವಾರ ಸಂಜೆ ಐದಕ್ಕೆ ಹೋಗುವುದೆಂದು ಗೊತ್ತುಮಾಡಿದವನೂ ನಾನೇ. ನೀನು ಅಷ್ಟು ದಡ್ಡನಾ ಎಂದು ನೀವು ಕೇಳಬಹುದು. ಎರಡು ವರ್ಷ ಆ ಮುದುಕನ ಬಗ್ಗೆ ಓದಿ ಓದಿ ಅವನು ನನ್ನ ಪಾಲಿಗೆ ಬರಹದೊಳಗಿನ ಮನುಷ್ಯನಾಗಿಬಿಟ್ಟಿದ್ದ. ಅವನಿಗೆ ಕಿವಿ ಇದೆ ಎಂಬುದೇ ನನಗೆ ಮರೆತುಹೋಗಿತ್ತು.

ಹೋದೆವು. ಕಾಕಾ ಮನೆಯ ಮುಂದೆ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಅಪ್ಪನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದು, "ಬರ್ರಿ ಬರ್ರಿ, ಕುಂಡ್ರಿ" ಎಂದು ಚಾಪೆ ಹಾಸಿಸಿದರು. ಮಾಸ್ತರು ಬಂದ ಕಾರಣ ಹೇಳಿದರು.

"ನಮ್ಮ ಸೊಸಿ ಬರೀತಾಳ? ಏನ್ ಬರೀತಾಳ್ರಿ?"

"ನಿಮ್ಮ ಮನಿ ವಿಷಯನ ಬರೀತಾರ್ರಿ. ನಿಮ್ಮ ಬಗ್ಗೆ ಅಂತೂ ಭಾಳ ಬರದಾರ."

ಮುದುಕನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ನಡುಗುವ ಕೈ ಎತ್ತಿ ಓಣಿಯವರನ್ನೆಲ್ಲ ಅವರೇ ಕರೆದರು. "ಬರ್ರೆಲೇ, ನಮ್ಮ ಸೊಸಿಗೆ ಸನ್ಮಾನ ಐತಿ!" ಹತ್ತು-ಹದಿನೈದು ಮಂದಿ ಕೂಡಿದರು. ಆಕೆ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಣ್ಣುಮಗಳು. ನಮ್ಮ ಕೈಯಲ್ಲಿದ್ದ ಹಾರ ನೋಡಿದಳು, ಪತ್ರ ನೋಡಿದಳು, ಮುಖದ ರಕ್ತ ಇಳಿದುಹೋಯಿತು. ಡೋಣಿಯ ಅಕ್ಕ ಶಾಲು ಹೊದಿಸಿದಳು. ಮಾಸ್ತರು ಕನ್ನಡಕ ಏರಿಸಿ, ನಲವತ್ತು ಮಕ್ಕಳಿಗೆ ಪಾಠ ಹೇಳಿದ ದನಿಯಲ್ಲಿ ಓದಲು ಶುರುಮಾಡಿದರು. ಆಕೆ ನನ್ನ ಕಡೆ ತಿರುಗಿ, ಶಾಲಿನ ಮರೆಯಿಂದ ಬೇಡ ಬೇಡ ಎಂದು ಕೈ ಅಲ್ಲಾಡಿಸಿದಳು. ನಾನು ನಕ್ಕು, ಓದ್ರಿ ಓದ್ರಿ ಎಂದು ಮಾಸ್ತರಿಗೆ ಸನ್ನೆ ಮಾಡಿದೆ.

"ಕೈ ನಡಗೂದು ಮಾವಾರಿಗೆ ಗೊತ್ತೈತಿ, ಅರಿವಿ ಕೆಡೂದು ಗೊತ್ತಿಲ್ಲ. ಅವರು ಮಠದ ಕಟ್ಟಿಗೆ ಹೋದ ಮ್ಯಾಲ ನಾ ಕುಣಿಗೆ ಇಳೀತೀನಿ. ಮುಂಜಾನೆ ಅವರು ನೇಯ್ದಿದ್ದನ್ನ ಬಿಚ್ಚಿ ಮತ್ತ ನೇಯ್ತೀನಿ. ಸಂಜಿಗೆ ಬಂದು ಅರಿವಿ ಮ್ಯಾಲ ಕೈಯಾಡಿಸಿ, ಇನ್ನೂ ಕೈಯಾಗ ಕಸುವು ಐತಿ ನೋಡವ್ವಾ, ಅಂತಾರ. ಹೌದ್ರಿ ಮಾವಾರ, ಅಂತೀನಿ."

ಕಾಕಾ ಮೊದಲು ನಕ್ಕರು. ಯಾರದೋ ತಮಾಷೆಯ ಕತೆ ಎಂದುಕೊಂಡಿರಬೇಕು.

"ಯಾರ ಮಾವ ಅಂವಾ?" ಎಂದು ಕೇಳಿದರು.

ಅವರು ಸೊಸೆಯ ಮುಖ ನೋಡಿದರು, ಆಕೆ ನೆಲ ನೋಡುತ್ತಿದ್ದಳು. ಆಮೇಲೆ ಓಣಿಯವರ ಮುಖಗಳನ್ನು ಒಂದೊಂದಾಗಿ, ಆ ಮಂಜುಗಣ್ಣಿನಿಂದ, ಹತ್ತಿರ ಬಾಗಿ ನೋಡಿದರು. ಅಲ್ಲಿ ಯಾರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಮಧ್ಯಾಹ್ನದ ಮಗ್ಗದ ಸಪ್ಪಳ ಗೋಡೆಯಾಚೆ ಕೇಳದೇ ಇರುತ್ತದೆಯೇ? ಇಡೀ ಓಣಿಗೇ ಗೊತ್ತಿತ್ತು. ಇಷ್ಟು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಆ ಮಂದಿಯಲ್ಲಿ ಯಾರೂ ಬ್ಲಾಗ್ ಬರೆಯುವವರಲ್ಲ.

ಕಾಕಾ ಎದ್ದು ನಿಂತು ಎರಡೂ ಕೈ ಮುಗಿದರು. "ಚಾ ಕುಡದು ಹೋಗ್ರಿ" ಎಂದು ಒಳಗೆ ಹೋದರು. ಏನು ಹೇಳಲಿ, ನಾವು ಚಹಾ ಕುಡಿದೆವು. ಆಕೆಯೇ ಮಾಡಿಕೊಂಡು ತಂದಳು, ಶಾಲು ಇನ್ನೂ ಹೆಗಲ ಮೇಲೇ ಇತ್ತು. ಬೀದಿಗೆ ಬಂದ ಮೇಲೆ ಸಾಹುಕಾರರು, "ಹಿರೇರು, ಮನಸ್ಸಿಗೆ ಹಚ್ಕೊಂಡ್ರು, ಎರಡ ದಿನಕ್ಕ ಸರಿಹೋಗ್ತಾರ" ಎಂದರು. ಡೋಣಿಯ ಅಕ್ಕ ಮಾತ್ರ ನಿಂತಲ್ಲೇ ಅತ್ತಳು. "ನಾವು ಮನಿ ಮುರದ ಬಂದ್ವಿ" ಎಂದಳು. ನನಗೆ ಆಕೆಯ ಮೇಲೆ ಸಿಟ್ಟು ಬಂತು.

ಇನ್ನೂ ನಾಚಿಕೆಗೇಡಿನ ಮಾತು ಹೇಳುತ್ತೇನೆ. ಮನೆಗೆ ಹೋದವನೇ ಫೋಟೋಗಳ ಸಮೇತ ಸನ್ಮಾನದ ಬಗ್ಗೆ ಬರೆದು ಹಾಕಿದೆ. ನನ್ನ ಬ್ಲಾಗಿನಲ್ಲಿ ಅಷ್ಟು ಜನ ಓದಿದ ಬರಹ ಬೇರೆ ಇಲ್ಲ. ಎಲ್ಲೆಲ್ಲಿಯವರೋ ಬಂದು, ಎಂಥ ಒಳ್ಳೆಯ ಕೆಲಸ, ಬರೆಯುವವರು ಹೀಗೆ ಒಬ್ಬರಿಗೊಬ್ಬರು ಆಗಬೇಕು ಎಂದು ಹೊಗಳಿದರು. ಮರುದಿನ ಮುಂಜಾನೆ ಸೊಸಿಯ ಬ್ಲಾಗ್ ತೆರೆದರೆ ಅದು ಇರಲೇ ಇಲ್ಲ. ಎರಡು ವರ್ಷದ ಬರಹ ಎಲ್ಲ ಅಳಿಸಿ ಹಾಕಿದ್ದಳು. ಅದು ಗೊತ್ತಾದ ಮೇಲೂ ನಾನು ನನ್ನ ಬರಹ ತೆಗೆಯಲು ಒಂದು ವಾರ ತೆಗೆದುಕೊಂಡೆ. ಥೂ ನನ್ನ ಜನ್ಮಕ್ಕೆ.

ತಿಂಗಳ ಮೇಲೆ ಒಬ್ಬನೇ ಹೋದೆ. ಸೋಮವಾರ ಮಧ್ಯಾಹ್ನ. ಬಾಗಿಲಲ್ಲೇ ಆಕೆ ಸಿಕ್ಕಳು, ಕೈಚೀಲ ಹಿಡಿದು ಹೊರಡುವ ಅವಸರದಲ್ಲಿದ್ದಳು. ಊರಾಚೆ ಬಟ್ಟೆ ಹೊಲಿಯುವ ಕಡೆ ಕೆಲಸ ಹಿಡಿದಿದ್ದಳಂತೆ. ಒಳಗೆ ಮಗ್ಗದ ಮೇಲೆ ಹಳೆಯ ಚಾದರ ಹೊದಿಸಿತ್ತು, ಕೆಳಗೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಆ ಸಂಜೆಯಿಂದ ಕಾಕಾ ಕುಣಿಗೆ ಇಳಿದಿಲ್ಲ, ಅವರ ಕಣ್ಣೆದುರು ಆಕೆಯೂ ಇಳಿಯಲಾರಳು.

ತಪ್ಪಾಯಿತು ತಂಗಿ, ಎಂದೆ. ಬೈಯಲಿ ಎಂದು ಕಾದೆ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಣ್ಣಾರ. ಬರದಾಕಿ ನಾನ ಅಲ್ಲೇನ್ರಿ. ಯಾರಿಗೂ ಹೇಳಬಾರದ್ದನ್ನ ಎಲ್ಲಾರಿಗೂ ಹೇಳಿದೆ." ಹೀಗೆಂದು ಚಪ್ಪಲಿ ಮೆಟ್ಟಿದಳು. "ಒಳಗ ಹೋಗ್ರಿ, ಅವರು ನಿಮ್ಮನ್ನ ಕೇಳ್ತಿದ್ರು."

ಕಾಕಾ ಗೋಡೆಗೆ ಒರಗಿ ಕುಳಿತಿದ್ದರು. ಕಟ್ಟೆಗೆ ಹೋಗುವುದನ್ನೂ ಬಿಟ್ಟಿದ್ದರು. ಇಳಿದುಹೋಗಿದ್ದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ ನನ್ನ ಮೊಣಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

"ತಮ್ಮಾ, ನೀ ಎಲ್ಲಾ ಓದೀಯಲ್ಲ? ಆಕಿ ಬರದದ್ದು?"

"ಓದೀನ್ರಿ ಕಾಕಾ."

"ನಮ್ಮಾಕಿ ತೀರಿಕೊಂಡಾಗ ಆಕಿ ಮ್ಯಾಲ ಒಂದ ಸೀರಿ ಹೊದಿಸಿದ್ವಿ. ಅದನ್ನ ನಾ ಆಕಿ ಸಲುವಾಗೇ ಮಗ್ಗಕ್ಕ ಹಾಕಿದ್ದೆ. ಆಕಿ ಜಡ್ಡಿಲೆ ಮಲಗಿದ್ಲು, ನಾ ನೇಯ್ತಿದ್ದೆ. ಅದನ್ನ ಹೊದಿಸೇ ಮಣ್ಣಿಗಿಟ್ವಿ." ಅವರ ಹಿಡಿತ ಬಿಗಿಯಾಯಿತು. "ಅದು ನಂದೇನು? ಖರೆ ಹೇಳು."

ಆ ಸೀರೆಯ ಬಗ್ಗೆ ನಾನು ಓದಿದ್ದೆ. ತಾನು ಮೊಟ್ಟಮೊದಲು ಬಿಚ್ಚಿ ನೇಯ್ದದ್ದು ಅದೇ ಎಂದು ಆಕೆ ಬರೆದಿದ್ದಳು. ಈ ತುದಿಯಿಂದ ಆ ತುದಿಗೆ ಮಾವ ನೇಯ್ದ ಎಳೆ ಒಂದೂ ಉಳಿದಿರಲಿಲ್ಲ, ಅತ್ತೆ ಮಲಗಿದಲ್ಲಿಂದಲೇ ನೋಡಿ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ್ದಳು ಎಂದು ಬರೆದಿದ್ದಳು.

"ನಿಮ್ಮದ್ರಿ ಕಾಕಾ. ಪೂರಾ ನಿಮ್ಮದ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನನ್ನ ಮೊಣಕೈ ಬಿಟ್ಟರು.

"ಸೊಸಿನೂ ಹಂಗ ಅಂದ್ಲು," ಎಂದರು. "ಇನ್ನ ನಾ ಯಾರನ್ನ ಕೇಳ್ಲಿ?"