ಸುಟ್ಟ ಕಂಪ್ಯೂಟರಿಗೆ ಹಾರ

ಕೋಲಾರದ ನಮ್ಮ ಮಣ್ಣು ಪರೀಕ್ಷೆ ಕಚೇರಿಗೆ ಗೌನಿಪಲ್ಲಿಯಿಂದ ಒಬ್ಬ ಕಂಪ್ಯೂಟರ್ ಮೆಕ್ಯಾನಿಕ್ ಬರುತ್ತಿದ್ದ. ಕೀಲಿ ಒತ್ತುವ ಮೊದಲು ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ನಮ್ಮ ಹಳೇ ಕಂಪ್ಯೂಟರ್ ಸುಟ್ಟುಹೋದಾಗ ಡಿಸ್ಕ್ ಉಳಿಯಿತು, ಆದರೆ ಅದರಲ್ಲಿದ್ದ ಕಚೇರಿ ಕೆಲಸದ ಸಿಸ್ಟಂ ಹೊಸ ಯಂತ್ರಗಳಲ್ಲಿ ಓಡಲಿಲ್ಲ. ಅವನು ಒಂದು ಲ್ಯಾಪ್‌ಟಾಪಿನೊಳಗೆ ಆ ಹಳೇ ಕಂಪ್ಯೂಟರನ್ನೇ ಸಾಫ್ಟ್‌ವೇರಿನಲ್ಲಿ ಕಟ್ಟಿ, ಹಳೇ ಪರದೆಗೆ ಜೋಡಿಸಿ, ಸಿಸ್ಟಂನ ಒಂದಕ್ಷರವನ್ನೂ ಬದಲಿಸದೆ ಓಡಿಸಿದ.

"ಸಿಸ್ಟಂಗೆ ಗೊತ್ತಾಗಬಾರದು ಸಾರ್, ಹಳೇ ಮನೇಲೇ ಇದೀನಿ ಅಂದ್ಕೋಬೇಕು" ಎನ್ನುತ್ತಿದ್ದ.

ಆಮೇಲೆ ವರ್ಗವಾಗಿ ಬಂದ ಸಾಹೇಬರಿಗೂ ಗೊತ್ತಾಗಲಿಲ್ಲ. ಸುಟ್ಟ ಡಬ್ಬ ಸ್ಟಾಕ್ ಬುಕ್ಕಿನಲ್ಲಿದ್ದುದರಿಂದ ಮೇಜಿನ ಮೇಲೇ ಉಳಿದಿತ್ತು. ಲ್ಯಾಪ್‌ಟಾಪ್ ಮೇಜಿನ ಕೆಳಗಿತ್ತು. ಆಯುಧಪೂಜೆಯ ದಿನ ಸಾಹೇಬರು ಡಬ್ಬಕ್ಕೆ ಕುಂಕುಮವಿಟ್ಟು ಹಾರ ಹಾಕಿದರು.

"ಹಳೇ ಕಾಲದ ಮಾಲು ಕಣಯ್ಯ, ಒಂದಿನಾನೂ ಕೆಟ್ಟಿಲ್ಲ. ಇದಕ್ಕೆ ಮೆಕ್ಯಾನಿಕ್ ಯಾಕೆ?" ಎಂದು ನನ್ನನ್ನು ಕೇಳಿದರು.

ಅವನು ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿದ. ನಾನು ಬಾಯಿತುಂಬ ಕಡಲೆಪುರಿ ಹಾಕಿಕೊಂಡೆ.

"ಪೋನೀ, ಹೋಗಲಿ ಬಿಡಿ ಸಾರ್" ಎಂದು ಅವನು ಹೊರಟ.

ಅವನು ಇನ್ನು ಬರುವುದು ಬೇಡವೆಂಬ ಪತ್ರವನ್ನು ಮರುವಾರ ಟೈಪ್ ಮಾಡಿದವನು ನಾನೇ. ಅವನು ಕಟ್ಟಿದ ಯಂತ್ರದಲ್ಲೇ ಮಾಡಿದೆ. ಒಂದಕ್ಷರವೂ ಕೆಡದೆ ಬಂತು.